ಮುಳ್ಳು ಮುರಿದ ‘ಸಿ’

ನಮ್ಮಕ್ಕ ಒಂದು ಸರ್ಟಿಫಿಕೇಟಿಗೆ ಕೈ ಮುಗಿದಳು.

ಸುಳ್ಳಲ್ಲ, ನಾನು ಎದುರಿಗೇ ಕೂತಿದ್ದೆ. ಗಾವಡಗೆರೆಯಲ್ಲಿ ಅವಳ ಮನೆಯ ಪಡಸಾಲೆ. ಮಗಳು ರತ್ನಳನ್ನು ನೋಡಲು ಕೃಷ್ಣರಾಜನಗರದಿಂದ ಗಂಡಿನ ಕಡೆಯವರು ಬಂದಿದ್ದರು. ಉಪ್ಪಿಟ್ಟು ಮುಗಿದು ಕಾಫಿ ಬಂದಿತ್ತು. ಆಗ ಗಂಡಿನ ಚಿಕ್ಕಪ್ಪ ಪಕ್ಕದಲ್ಲಿಟ್ಟುಕೊಂಡಿದ್ದ ತಗಡಿನ ಕೊಳವೆಯ ಮುಚ್ಚಳ ತೆಗೆದು, ಒಳಗಿನಿಂದ ಸುರುಳಿ ಸುತ್ತಿದ ದಪ್ಪ ಕಾಗದ ಎಳೆದು, ಚಾಪೆಯ ಮೇಲೆ ಹರಡಿ, ನಾಲ್ಕು ಮೂಲೆಗೂ ಒಂದೊಂದು ಲೋಟ ಇಟ್ಟರು.

ಕಾಗದದ ತಲೆಯ ಮೇಲೆ ಕಪ್ಪನೆಯ ದಪ್ಪ ಇಂಗ್ಲಿಷ್ ಅಕ್ಷರ. ಮಾಮೂಲು ಇಂಗ್ಲಿಷ್ ಅಲ್ಲ. ಮೈತುಂಬ ಮುಳ್ಳು, ಮೂಲೆ, ಕೊಕ್ಕೆ ಇರುವ ಇಂಗ್ಲಿಷ್. ಅಕ್ಕನಿಗೆ ಕನ್ನಡ ಓದಲು ಬರುತ್ತದೆ, ಇಂಗ್ಲಿಷ್ ಬರುವುದಿಲ್ಲ. (ಬಂದಿದ್ದರೂ ಆ ಅಕ್ಷರವನ್ನು ಸುಲಭಕ್ಕೆ ಓದಲು ಆಗುತ್ತಿರಲಿಲ್ಲ.) ಅವಳು ಸೆರಗಿಗೆ ಕೈ ಒರೆಸಿಕೊಂಡು, ಕಾಗದದ ಅಂಚು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಕೈ ಮುಗಿದಳು.

“ಸರ್ಕಾರದ್ದು ಕಣಪ್ಪ,” ಎಂದು ನನ್ನ ಕಿವಿಯ ಹತ್ತಿರ ಬಂದು ಹೇಳಿದಳು.

ಸರ್ಕಾರದ್ದಲ್ಲ, ಟೈಪಿಂಗ್ ಕಲಿಸುವ ಒಂದು ಇನ್‌ಸ್ಟಿಟ್ಯೂಟಿನದು. ಹುಡುಗನ ಹೆಸರು ಬಸವರಾಜು. ಕೆ.ಆರ್. ನಗರದ ಒಂದು ಅಕ್ಕಿ ಗಿರಣಿಯ ಆಫೀಸಿನಲ್ಲಿ ಟೈಪಿಸ್ಟ್. ಅದೇ ಊರಿನಲ್ಲಿ, ಒಂದು ಜವಳಿ ಅಂಗಡಿಯ ಮಹಡಿಯ ಮೇಲೆ, ನಿವೃತ್ತ ಸ್ಟೆನೋಗ್ರಾಫರ್ ಒಬ್ಬರು ಇನ್‌ಸ್ಟಿಟ್ಯೂಟ್ ನಡೆಸುತ್ತಾರಂತೆ. ಅಲ್ಲಿ ಕಲಿತು, ಅಲ್ಲೇ ಪಾಸಾಗಿ, ಅಲ್ಲೇ ಸರ್ಟಿಫಿಕೇಟು ಪಡೆದವನು. ಇಷ್ಟನ್ನೂ ಚಿಕ್ಕಪ್ಪ ಹೇಳಿದರು. ಹುಡುಗ ತಲೆ ತಗ್ಗಿಸಿ ಕೂತಿದ್ದ. ಬೆರಳುಗಳು ಮಾತ್ರ ತೊಡೆಯ ಮೇಲೆ ಏನೋ ಟೈಪ್ ಮಾಡುತ್ತಿದ್ದವು.

ನನ್ನ ಸ್ವಭಾವ ನಿಮಗೆ ಗೊತ್ತೇ ಇದೆ. ವಾರವಾರವೂ ಈ ಅಂಕಣದಲ್ಲಿ ಅದನ್ನೇ ತಾನೇ ಓದುತ್ತಿದ್ದೀರಿ? ಹೊಸ ಬೀಗ ತಂದರೆ, ಇದರ ಇನ್ನೊಂದು ಬೀಗದ ಕೈ ಅಂಗಡಿಯವನ ಹತ್ತಿರ ಉಳಿದಿರಬಹುದೇ ಎಂದು ಯೋಚಿಸುವವನು ನಾನು. ಬಸ್ಸು ಸಮಯಕ್ಕೆ ಸರಿಯಾಗಿ ಬಂದರೆ, ಇದು ಹಿಂದಿನ ಬಸ್ಸೇ ಇರಬೇಕು ಎನ್ನುವವನು. ಭಾವ ತೀರಿಕೊಂಡ ಮೇಲೆ ರತ್ನಳ ಮದುವೆಯ ವಿಷಯದಲ್ಲಿ ಸೋದರಮಾವನಾದ ನನ್ನದೇ ಕೊನೆಯ ಮಾತು. ಅಂಥವನಿಗೆ ಅನುಮಾನ ಇಲ್ಲದಿದ್ದರೆ ಹೇಗೆ, ನೀವೇ ಹೇಳಿ.

ನಾನು ಬಗ್ಗಿ ನೋಡಿದೆ. ಸರ್ಟಿಫಿಕೇಟ್ ಎಂಬ ಪದದ ಮೊದಲನೆಯ ಅಕ್ಷರ, ಆ ದೊಡ್ಡ ‘ಸಿ’. ಅದರ ಕೆಳಗಿನ ಮುಳ್ಳು ಇರಲಿಲ್ಲ. ಚೂಪಾಗಿ ಮುಗಿಯಬೇಕಾದ ಜಾಗದಲ್ಲಿ ಮೊಂಡು ಮೊಂಡಾಗಿತ್ತು.

ಆ ‘ಸಿ’ಯ ಗುರುತು ನನಗೆ ತಕ್ಷಣ ಸಿಕ್ಕಿತು. ಏಕೆಂದರೆ ಆ ಮುಳ್ಳನ್ನು ಮುರಿದವನು ನಾನೇ.

ಅದು ಹೇಗೆ ಎಂದು ಹೇಳುತ್ತೇನೆ. ಮೇಷ್ಟ್ರಾಗುವುದಕ್ಕೆ ಮೊದಲು ನಾನು ಹುಣಸೂರಿನಲ್ಲಿ ಮಲ್ಲಪ್ಪನವರ ಪ್ರೆಸ್ಸಿನಲ್ಲಿ ಎರಡು ವರ್ಷ ಪ್ರೂಫ್ ತಿದ್ದುತ್ತಿದ್ದೆ. ಕೊಡಗಿನ ಕಾಫಿ ತೋಟದ ಬಿಳಿ ದೊರೆಗಳು ಗಂಟು ಮೂಟೆ ಕಟ್ಟಿಕೊಂಡು ತಮ್ಮ ದೇಶಕ್ಕೆ ಹೊರಟಾಗ, ಅವರ ಕ್ಲಬ್ಬಿಗೆ ಕಾರ್ಡು, ಊಟದ ಪಟ್ಟಿ ಅಚ್ಚು ಹಾಕಿಕೊಡುತ್ತಿದ್ದ ಒಂದು ಪ್ರೆಸ್ಸೂ ಮುಚ್ಚಿತು. ಅದರ ಸಾಮಾನು ಹರಾಜಿಗೆ ಬಂದಾಗ ಮಲ್ಲಪ್ಪನವರು ಹೋಗಿ ಒಂದು ಮರದ ಖಾನೆಯಲ್ಲಿದ್ದ ಸೀಸದ ಅಚ್ಚಿನ ಅಕ್ಷರ ತಂದರು. ಕಸುಬಿನವರು ಅದಕ್ಕೆ ‘ಓಲ್ಡ್ ಇಂಗ್ಲಿಷ್’ ಎನ್ನುತ್ತಾರೆ. ಮಲ್ಲಪ್ಪನವರು ‘ದೊರೆ ಅಕ್ಷರ’ ಎಂದರು. ಹುಣಸೂರಿನಲ್ಲಿ ಆ ಹೆಸರೇ ನಿಂತಿತು.

ಖಾನೆಯಲ್ಲಿ ಇದ್ದದ್ದು ಒಂದೇ ಸೈಜು. ಅದೂ ಪೂರ್ತಿ ಇರಲಿಲ್ಲ. ಚಿಕ್ಕ ಅಕ್ಷರಗಳು ಸಾಕಷ್ಟಿದ್ದವು, ದೊಡ್ಡ ಅಕ್ಷರಗಳಲ್ಲಿ ಕೆಲವು ಎರಡು, ಕೆಲವು ಒಂದು. ದೊಡ್ಡ ‘ಸಿ’ ಒಂದೇ ಒಂದು. ತಂದ ವಾರದಲ್ಲೇ ಅದನ್ನು ಕೈಗೆತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಜಾರಿ ಕಲ್ಲು ಚಪ್ಪಡಿಯ ಮೇಲೆ ಬಿತ್ತು. ಸೀಸದ ಅಕ್ಷರ, ಮುಳ್ಳು ಮುರಿಯಿತು. ಮಲ್ಲಪ್ಪನವರು ಅರ್ಧ ದಿನ ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ, ಓಗ್ಲಿ ಬುಡಿ, ಈ ಊರಲ್ಲಿ ಅದನ್ನ ಯಾರ್ ನೋಡ್ತಾರೆ, ಎಂದುಬಿಟ್ಟರು.

ಅವರು ಹೇಳಿದ್ದು ನಿಜ. ಯಾರೂ ಆ ಅಕ್ಷರವನ್ನು ಹತ್ತಿರದಿಂದ ನೋಡಲಿಲ್ಲ. ದೂರದಿಂದ ನೋಡಿ ಬೆರಗಾದವರೇ ಎಲ್ಲ. ಮದುವೆಯ ಕಾರ್ಡಿಗೆ ಬೇಕು. ಅಂಗಡಿಯ ಲೆಟರ್‌ಹೆಡ್ಡಿಗೆ ಬೇಕು. ನಶ್ಯದ ಪೊಟ್ಟಣಕ್ಕೂ ಬೇಕು. ನಮ್ಮ ಕನ್ನಡದ ಅಕ್ಷರಗಳು ಪಾಪ, ದುಂಡಗೆ ಚಕ್ಕಂಬಕ್ಕಳ ಹಾಕಿಕೊಂಡು ಕೂತಿರುತ್ತವೆ. ಯಾರನ್ನೂ ಹೆದರಿಸುವುದಿಲ್ಲ. ಈ ದೊರೆ ಅಕ್ಷರ ಎದ್ದು ನಿಂತು ಮೀಸೆ ತಿರುವುತ್ತದೆ. ಓದಲು ಬಾರದ್ದಕ್ಕೆ ನಮ್ಮ ಜನ ಎಷ್ಟು ಮರ್ಯಾದೆ ಕೊಡುತ್ತಾರೆ ಎಂಬುದನ್ನು ನಾನು ಕಲಿತದ್ದು ಆ ಪ್ರೆಸ್ಸಿನಲ್ಲಿ.

ಪಿರಿಯಾಪಟ್ಟಣದ ಒಬ್ಬ ಹೊಗೆಸೊಪ್ಪಿನ ವ್ಯಾಪಾರಿ ಬಂದಿದ್ದರು. ತಮ್ಮ ಹೆಸರನ್ನು ಪೂರ್ತಿ ದೊಡ್ಡ ಅಕ್ಷರದಲ್ಲೇ ಹಾಕಬೇಕು ಎಂದು ಹಟ. ಈ ಅಕ್ಷರದಲ್ಲಿ ಹಾಗೆ ಮಾಡಬಾರದು. ಮೊದಲನೆಯದು ದೊಡ್ಡದು, ಉಳಿದದ್ದು ಚಿಕ್ಕದು, ಅದೇ ಕ್ರಮ. ಎಲ್ಲವೂ ದೊಡ್ಡದಾದರೆ ಲಂಟಾನ ಪೊದೆಯ ಹಾಗೆ ಒಂದಕ್ಕೊಂದು ಹೆಣೆದುಕೊಂಡುಬಿಡುತ್ತವೆ. ಹೇಳಿದೆವು, ಕೇಳಲಿಲ್ಲ. ಇಲ್ಲದ ಅಕ್ಷರದ ಬದಲು ಹೋಲುವ ಇನ್ನೊಂದನ್ನು ಸೇರಿಸಿ ಅಚ್ಚು ಹಾಕಿದೆವು. ಜೋಡಿಸಿದ ಮಲ್ಲಪ್ಪನವರಿಗೂ ಓದಲಾಗಲಿಲ್ಲ, ತಿದ್ದಿದ ನನಗೂ ಓದಲಾಗಲಿಲ್ಲ. ಆ ಮಹಾಶಯರು ಕಾಗದವನ್ನು ದೂರ ಹಿಡಿದು ನೋಡಿ ಸಂತೋಷದಿಂದ ಹೇಳಿದರು: “ಓದಕ್ಕಾಗ್ದಿದ್ರೆ ಏನಂತೆ ಸ್ವಾಮಿ, ನೋಡಿದ್ರೆ ಎದ್ ನಿಂತ್ಕಬೇಕು.”

ಇನ್ನೊಬ್ಬ, ಹೆಗ್ಗಡದೇವನಕೋಟೆಯ ಆಚೆ ಎನ್. ಬೇಗೂರಿನ ಕಡೆಯಿಂದ ಬಂದ ಎಣ್ಣೆ ವ್ಯಾಪಾರಿ. ಸೊಂಟ ನೋವಿನ ಎಣ್ಣೆ. ಸೀಸೆಗೆ ಅಂಟಿಸುವ ಚೀಟಿಯಲ್ಲಿ ದೊರೆ ಅಕ್ಷರದಲ್ಲಿ ಏನಾದರೂ ಇರಲಿ ಎಂದ. ಏನು ಹಾಕಬೇಕು ಎಂದು ಕೇಳಿದರೆ, ನೀವೇ ಒಂದ್ ಒಳ್ಳೇ ಮಾತು ಆಕಿ, ಎಂದ. ಮಲ್ಲಪ್ಪನವರು ‘ಲಂಡನ್’ ಎಂದು ಹಾಕಿಕೊಟ್ಟರು. ಅಷ್ಟೇ, ಲಂಡನ್. ಎಣ್ಣೆಗೂ ಲಂಡನ್ನಿಗೂ ಏನು ಸಂಬಂಧ ಎಂದು ಒಬ್ಬ ಗಿರಾಕಿಯೂ ಕೇಳಲಿಲ್ಲವಂತೆ. ಅಂದಿನಿಂದ ದೊರೆ ಅಕ್ಷರ ಕಂಡಲ್ಲೆಲ್ಲ ನನಗೆ ಮೊದಲು ಬರುವುದು ಅನುಮಾನ. ಓದುವುದು ಆಮೇಲೆ.

ಈಗ ಗಾವಡಗೆರೆಯ ಪಡಸಾಲೆಗೆ ಬನ್ನಿ. ಕೆ.ಆರ್. ನಗರದ ಇನ್‌ಸ್ಟಿಟ್ಯೂಟಿನ ಸರ್ಟಿಫಿಕೇಟಿನಲ್ಲಿ ಹುಣಸೂರಿನ ಮೊಂಡು ‘ಸಿ’ ಏಕೆ ಬಂತು? ಲಂಡನ್ ಎಣ್ಣೆಯನ್ನು ತಯಾರಿಸಿದ ಖಾನೆಯಿಂದಲೇ ಈ ಪಾಸಾದ ಪತ್ರವೂ ಹುಟ್ಟಿದೆ ಎಂದಮೇಲೆ ಇನ್ನೇನು ಬೇಕು? ಯೋಚನೆ ಮಾಡಿ ತಿಳಿಸುತ್ತೇವೆ ಎಂದು ಹೇಳಿ, ಬಂದವರನ್ನು ಬಸ್ಸು ಹತ್ತಿಸಿದೆ.

ಮನೆಯೊಳಗೆ ಬಂದರೆ ಅಕ್ಕನ ಮುಖ ಅರಳಿತ್ತು. ಕಾರಣ ಸರ್ಟಿಫಿಕೇಟಲ್ಲ, ರತ್ನ. ಎಸ್.ಎಸ್.ಎಲ್.ಸಿ. ಪಾಸು ಮಾಡಿ ಮನೆಯಲ್ಲಿರುವ ಹುಡುಗಿ, ಈ ಹಿಂದೆ ಎರಡು ಗಂಡುಗಳನ್ನು ಬೇಡ ಎಂದವಳು, ಈ ಸಲ ಆಗಬಹುದು ಎಂದಿದ್ದಳು. ಹುಡುಗ ಅಡಿಗೆಮನೆಯ ಬಾಗಿಲಲ್ಲಿ ಅವಳಿಗೆ ಒಂದೇ ಮಾತು ಹೇಳಿದನಂತೆ. ಇನ್‌ಸ್ಟಿಟ್ಯೂಟಿನಲ್ಲಿ ಸಂಜೆ ಹೆಂಗಸರಿಗೂ ಒಂದು ತರಗತಿ ಇದೆ, ಮನಸ್ಸಿದ್ದರೆ ಮದುವೆಯಾದ ಮೇಲೆ ನೀವೂ ಕಲಿಯಬಹುದು, ಎಂದು. ರತ್ನ ಅದನ್ನು ನನಗೆ ಹೇಳುವಾಗ ಕಣ್ಣು ನೆಲದ ಮೇಲಿತ್ತು. ಅವಳ ಬೆರಳೂ ಸೆರಗಿನ ಮೇಲೆ ಏನೋ ಟೈಪ್ ಮಾಡುತ್ತಿತ್ತು. ನಾನು ಅದನ್ನು ನೋಡಿಯೂ ನೋಡದವನ ಹಾಗೆ ಇದ್ದೆ.

ಮಾರನೆಯ ದಿನ ಹುಣಸೂರಿನಲ್ಲಿ ಸ್ಕೂಲು ಬಿಟ್ಟ ಮೇಲೆ ಪ್ರೆಸ್ಸಿಗೆ ಹೋದೆ. ಮಲ್ಲಪ್ಪನವರನ್ನು ನೇರವಾಗಿ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಕೇಳಿದರೆ ಅವರು ಹುಡುಗನ ಕಡೆಯವರಿಗೆ ಸುದ್ದಿ ಮುಟ್ಟಿಸಿದರೆ? ಅವರೇ ಇದರಲ್ಲಿ ಪಾಲುಗಾರರಾಗಿದ್ದರೆ? ಅದಕ್ಕೇ ಕ್ಯಾಲೆಂಡರ್ ಕೇಳುವ ನೆಪ ಮಾಡಿಕೊಂಡು ಹೋದೆ. ಅವರು ಒಳಗೆ ಹುಡುಕಲು ಹೋದಾಗ ಸುತ್ತ ಕಣ್ಣಾಡಿಸಿದೆ. ಮೂಲೆಯ ಮೇಜಿನ ಮೇಲೆ ದಪ್ಪ ಕಾಗದದ ಕಟ್ಟು. ಮೇಲೆ ಹಳೆಯ ಪೇಪರು ಮುಚ್ಚಿತ್ತು. ಎತ್ತಿ ನೋಡಿದೆ.

ಅದೇ ಸರ್ಟಿಫಿಕೇಟು. ಅದೇ ಮೊಂಡು ‘ಸಿ’. ಕಮ್ಮಿ ಎಂದರೂ ಐವತ್ತು ಇರಬೇಕು. ಒಂದರಲ್ಲೂ ಹೆಸರಿಲ್ಲ! ಹೆಸರಿನ ಜಾಗದಲ್ಲಿ ಬರೀ ಚುಕ್ಕಿಗಳ ಸಾಲು. ಬೇಕಾದವರು ಬೇಕಾದ ಹೆಸರು ಬರೆದುಕೊಳ್ಳಬಹುದು.

ಮಲ್ಲಪ್ಪನವರು ಹೊರಗೆ ಬಂದವರೇ ಆ ಪೇಪರನ್ನು ಮತ್ತೆ ಎಳೆದು ಮುಚ್ಚಿದರು. ಮಸಿ ಇನ್ನೂ ಒಣಗಿಲ್ಲ, ಧೂಳು ಕೂರುತ್ತದೆ, ಎಂದರು. ಹೌದು ಹೌದು, ಧೂಳು, ಎಂದುಕೊಂಡೆ ಮನಸ್ಸಿನಲ್ಲಿ. ಕ್ಯಾಲೆಂಡರ್ ಮರೆತು ಮನೆಗೆ ಬಂದೆ.

ಬಂದವನೇ ಕಾಗದ ಬರೆಯಲು ಕೂತೆ. ಇಂಥ ಕಾಗದ ಬರೆಯುವುದೆಂದರೆ ನನಗೆ ಹಬ್ಬ. ನಿಮ್ಮ ಸರ್ಟಿಫಿಕೇಟಿನ ಮೊದಲನೆಯ ಅಕ್ಷರದ ಕೆಳಗಿನ ಮುಳ್ಳು ಮುರಿದಿದೆ, ಅಂಥ ಅಕ್ಷರ ಈ ಸೀಮೆಯಲ್ಲಿ ಹುಣಸೂರಿನ ಒಂದೇ ಪ್ರೆಸ್ಸಿನಲ್ಲಿ ಇದೆ, ಅಲ್ಲಿ ಹೆಸರಿಲ್ಲದ ಸರ್ಟಿಫಿಕೇಟುಗಳು ರಾಶಿ ಬಿದ್ದಿರುವುದನ್ನು ಕಣ್ಣಾರೆ ಕಂಡಿದ್ದೇನೆ, ಆದ್ದರಿಂದ ಈ ಸಂಬಂಧ ಮುಂದುವರಿಸುವ ಇಚ್ಛೆ ನಮಗಿಲ್ಲ, ಎಂದು ಅಚ್ಚುಕಟ್ಟಾಗಿ ಬರೆದೆ. ಹುಡುಗನ ಮನೆಗೆ ಬರೆದರೆ ವಿಷಯ ಮುಚ್ಚಿಹಾಕುತ್ತಾರೆ ಎಂದು ಗಿರಣಿಯ ವಿಳಾಸಕ್ಕೇ ಕಳಿಸಿದೆ. ಎಷ್ಟು ಮುಂದಾಲೋಚನೆ ನೋಡಿ.

ಗಾವಡಗೆರೆಗೆ ಹೋಗಿ ಅಕ್ಕನಿಗೆ ವಿಷಯ ಹೇಳಿದಾಗ ಅವಳು ಮೊದಲು ನಂಬಲಿಲ್ಲ, ಆಮೇಲೆ ಒಪ್ಪಿಕೊಂಡಳು. ರತ್ನ ಮಾತ್ರ ಕೇಳಿದಳು.

“ಅದ್ರಲ್ಲಿ ಏನ್ ಬರ್ದಿತ್ತು ಮಾವ?”

“ಎಂಥದು?”

“ಸರ್ಟಿಫಿಕೇಟ್ನಲ್ಲಿ. ಪಾಸು ಅಂತಿತ್ತಾ, ಫಸ್ಟ್ ಕ್ಲಾಸ್ ಅಂತಿತ್ತಾ?”

‘ಸಿ’ ಕಂಡ ಮೇಲೆ ನಾನು ಮುಂದಕ್ಕೆ ಓದಿಯೇ ಇರಲಿಲ್ಲ. ನಕಲಿ ಕಾಗದದಲ್ಲಿ ಏನಿದ್ದರೇನು, ಎಂದು ಗದರಿದೆ. ಅವಳು ಒಳಗೆ ಹೋದಳು.

ಹದಿನೈದು ದಿನದ ಮೇಲೆ ಬಸವರಾಜುವಿನಿಂದ ಉತ್ತರ ಬಂತು. ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಒಂದು ಪುಟ. ಒಂದೇ ಒಂದು ತಪ್ಪಿರಲಿಲ್ಲ. (ಹುಡುಕಿದೆ.) ಸಿಟ್ಟಿನ ಮಾತೂ ಇರಲಿಲ್ಲ. ತಾವು ಹೇಳಿದ್ದು ಸರಿ, ಅಕ್ಷರ ಹುಣಸೂರಿನದೇ, ಎಂದು ಬರೆದಿದ್ದ. ಇನ್‌ಸ್ಟಿಟ್ಯೂಟಿನವರು ಮೊದಲಿನಿಂದಲೂ ಅಲ್ಲೇ ಅಚ್ಚು ಹಾಕಿಸುವುದು, ಹತ್ತಿರದಲ್ಲಿ ಬೇರೆ ಯಾರ ಹತ್ತಿರವೂ ಆ ಅಕ್ಷರ ಇಲ್ಲ. ಹೆಸರಿನ ಜಾಗವನ್ನು ಖಾಲಿ ಬಿಡಿಸಿ ತರಿಸಿಕೊಂಡು, ಪರೀಕ್ಷೆ ಮುಗಿದ ಮೇಲೆ ಅವರೇ ಕೈಯಲ್ಲಿ ತುಂಬಿ ರುಜು ಹಾಕುತ್ತಾರೆ.

ಹೆಸರಿನ ಜಾಗ ಖಾಲಿ ಇರದೆ ಇನ್ನೇನಿರುತ್ತದೆ? ಇಡೀ ಊರಿನ ಮಕ್ಕಳ ಹೆಸರನ್ನು ಮಲ್ಲಪ್ಪನವರು ಮೊದಲೇ ಕನಸು ಕಂಡು ಅಚ್ಚು ಹಾಕಬೇಕಿತ್ತೇ? ನಾನೂ ಒಬ್ಬ ಮೇಷ್ಟ್ರು. ನಮ್ಮ ಸ್ಕೂಲಿನಲ್ಲೂ ಖಾಲಿ ಟಿ.ಸಿ. ಪುಸ್ತಕ ಬೀರುವಿನಲ್ಲೇ ಇರುತ್ತದೆ. ಅದು ಒಂದು ದಿನವೂ ನೆನಪಾಗಲಿಲ್ಲ.

ಕಾಗದದ ಕೊನೆಯಲ್ಲಿ ಇನ್ನೊಂದು ಸಾಲಿತ್ತು. ಅದನ್ನು ಕನ್ನಡದಲ್ಲಿ ಹೇಳುತ್ತೇನೆ: ‘ತಾವು ನನಗೆ ಬರೆದ ಕಾಗದದ ತಲೆಯ ಮೇಲೂ ಅದೇ ‘ಸಿ’ ಇದೆ, ಅದೇ ಮುಳ್ಳು ಮುರಿದಿದೆ. ಆದರೂ ತಾವು ಹೇಳಿಕೊಂಡಿರುವುದು ನಿಜವೆಂದೇ ನಾನು ನಂಬಿದ್ದೇನೆ.’

ಓದುಗರೇ, ನನ್ನ ಲೆಟರ್‌ಹೆಡ್ಡನ್ನು ನೀವು ನೋಡಿಲ್ಲ. ಈ ಅಂಕಣ ಶುರುವಾದ ವರ್ಷ ಮಲ್ಲಪ್ಪನವರೇ ಪ್ರೀತಿಯಿಂದ ಮಾಡಿಕೊಟ್ಟದ್ದು. ನನ್ನ ಹೆಸರಿನ ಕೆಳಗೆ ದೊರೆ ಅಕ್ಷರದಲ್ಲಿ ‘ಕಾಲಮ್ನಿಸ್ಟ್’ ಎಂದಿದೆ. ಅದೂ ಇಂಗ್ಲಿಷಿನ ‘ಸಿ’ಯಿಂದಲೇ ಶುರು. ಒಂದೇ ಸೈಜಿನ ಅಕ್ಷರವಾದ್ದರಿಂದ ಪುಟದ ಕಾಲು ಭಾಗ ನನ್ನ ಬಿರುದೇ ತುಂಬಿಕೊಂಡಿದೆ. ನಾಚಿಕೆಯಾಗಲಿಲ್ಲ, ಹೆಮ್ಮೆಯಾಗಿತ್ತು. ಹುಡುಗನನ್ನು ಕಳ್ಳ ಎಂದು ಬರೆಯಲು ಕೂತಾಗ ಅಭ್ಯಾಸದ ಮೇಲೆ ಅದೇ ಕಾಗದ ಎಳೆದುಕೊಂಡಿದ್ದೆ.

ಮಲ್ಲಪ್ಪನವರ ಹತ್ತಿರ ಓಡಿದೆ. ಈ ಸಲ ನೇರವಾಗಿ ಕೇಳಿದೆ. ಅವರು ಆರು ವರ್ಷದಿಂದ ಆ ಇನ್‌ಸ್ಟಿಟ್ಯೂಟಿಗೆ ಅಚ್ಚು ಹಾಕಿಕೊಡುತ್ತಿದ್ದಾರಂತೆ. ಹಿಂದಿನ ವರ್ಷದ ಒಂದು ಹಾಳೆಯನ್ನೂ ತೆಗೆದು ತೋರಿಸಿದರು. ನಾನು ಎಲ್ಲವನ್ನೂ ಹೇಳಿದೆ. ಅವರು ಕೈಯಲ್ಲಿದ್ದ ಅಕ್ಷರ ಜೋಡಿಸುವ ಕಡ್ಡಿಯನ್ನು ಕೆಳಗಿಟ್ಟರು.

“ಒಂದ್ ಮಾತ್ ಕೇಳಿದ್ರೆ ಆಯ್ತಿತ್ತಲ್ಲ ಮೇಷ್ಟ್ರೇ,” ಎಂದರು. “ನಾನು ಇಲ್ಲೇ ಇದ್ನಲ್ಲ.”

ಕೆ.ಆರ್. ನಗರಕ್ಕೆ ಬಸ್ಸು ಎಷ್ಟು ಹೊತ್ತಿಗೆ ಎಂದು ಅವರನ್ನೇ ಕೇಳಿದೆ.

ಆ ಭಾನುವಾರವೇ ಕೆ.ಆರ್. ನಗರಕ್ಕೆ ಹೋದೆ. ಬಸವರಾಜು ಮನೆಯಲ್ಲೇ ಇದ್ದ. ಕಾಲು ತೊಳೆಯಲು ನೀರು ಕೊಟ್ಟ, ಚಾಪೆ ಹಾಸಿದ, ಕಾಫಿ ತಂದ. ಎರಡು ಮಾತು ಬೈದಿದ್ದರೆ ಸುಲಭವಾಗುತ್ತಿತ್ತು, ಬೈಯಲಿಲ್ಲ. ನಾನು ತಪ್ಪಾಯಿತು ಎಂದೆ. ನನ್ನ ವಯಸ್ಸಿನವರು ಅವನ ವಯಸ್ಸಿನವರಿಗೆ ಆ ಮಾತು ಹೇಳುವುದು ನಮ್ಮ ಕಡೆ ವಾಡಿಕೆಯಲ್ಲ. ಆದರೂ ಹೇಳಿದೆ. ಸಂಬಂಧ ಮುಂದುವರಿಸೋಣ ಎಂದೂ ಕೇಳಿದೆ.

ಅವನು ಬಾಗಿಲ ಕಡೆ ನೋಡುತ್ತಾ ಮೆಲ್ಲಗೆ ಹೇಳಿದ. ನನ್ನ ಕಾಗದ ಗಿರಣಿಗೆ ಬಂದಾಗ ಅದನ್ನು ಒಡೆದದ್ದು ಮ್ಯಾನೇಜರು. ಆಫೀಸಿಗೆ ಬಂದ ಕಾಗದವನ್ನೆಲ್ಲ ಅವರೇ ಒಡೆಯುವುದು ಪದ್ಧತಿ. ಸರ್ಟಿಫಿಕೇಟು ತರಲು ಹೇಳಿದರು. ಇನ್‌ಸ್ಟಿಟ್ಯೂಟಿನ ಮೇಷ್ಟ್ರು ಖುದ್ದಾಗಿ ಬಂದು ಅದು ತಮ್ಮದೇ ರುಜು ಎಂದು ಹೇಳುವವರೆಗೆ ಆರು ದಿನ ಇವನನ್ನು ಮೆಷಿನ್ನಿನ ಮುಂದೆ ಕೂರಿಸಲಿಲ್ಲ. ಊರಲ್ಲಿ ಸುದ್ದಿಯಾಯಿತು. ಅಷ್ಟರಲ್ಲಿ ಹೊಸ ಅಗ್ರಹಾರದ ನೆಂಟರೊಬ್ಬರು, ಯಾವ ಕಾಗದವನ್ನೂ ಕೇಳದೆ, ನಮ್ಮ ಹುಡುಗಿಯನ್ನು ಕೊಡುತ್ತೇವೆ ಎಂದು ಬಂದರು. ಅವನ ಅವ್ವ ಅವತ್ತೇ ವೀಳ್ಯ ಬದಲಾಯಿಸಿಬಿಟ್ಟರು.

“ಅವ್ವಂಗೆ ನೋವಾಗಿತ್ತು ಸಾರ್,” ಎಂದ. “ನಂಗೇನೂ ಇಲ್ಲ.”

ಹೊರಡುವ ಮೊದಲು ಒಂದು ಮಾತು ಕೇಳಿದೆ. ಆ ಸರ್ಟಿಫಿಕೇಟನ್ನು ಒಮ್ಮೆ ಓದಬಹುದೇ? ಅವನು ತಗಡಿನ ಕೊಳವೆ ತಂದುಕೊಟ್ಟ. ಈ ಸಲ ‘ಸಿ’ ದಾಟಿ ಮುಂದಕ್ಕೆ ಓದಿದೆ. ಫಸ್ಟ್ ಕ್ಲಾಸ್ ಎಂದಿತ್ತು. ಅದನ್ನು ದುಂಡಾದ ಕೈಬರಹದಲ್ಲಿ, ನೀಲಿ ಮಸಿಯಲ್ಲಿ ಬರೆದಿತ್ತು. ದೊರೆ ಅಕ್ಷರ ಇದ್ದದ್ದು ತಲೆಯಲ್ಲಿ ಮಾತ್ರ.

ಅಕ್ಕ ಓದದೆ ಕೈ ಮುಗಿದಳು ಎಂದು ಮನಸ್ಸಿನಲ್ಲೇ ನಕ್ಕಿದ್ದೆ. ಓದದೆ ಉಗಿದವನು ನಾನು. ಇಬ್ಬರಲ್ಲಿ ಯಾರು ಹೆಚ್ಚು ದಡ್ಡರು? ಅವಳ ದಡ್ಡತನದಿಂದ ಯಾರ ಅನ್ನಕ್ಕೂ ಕಲ್ಲು ಬೀಳಲಿಲ್ಲ ಎಂಬುದನ್ನಂತೂ ಒಪ್ಪಬೇಕು. (ಆ ಲಂಡನ್ ಎಣ್ಣೆಯ ಮೇಲೆ ನನಗೆ ಈಗಲೂ ಅನುಮಾನವಿದೆ. ಅದು ಬೇರೆ ಮಾತು.)

ಇಲ್ಲಿಗೆ ಮುಗಿದಿದ್ದರೆ ಇದನ್ನು ನಿಮಗೆ ಹೇಳುತ್ತಿರಲಿಲ್ಲ. ಇಂಥದ್ದನ್ನು ಮುಚ್ಚಿಡುವ ಕಲೆ ನನಗೆ ಚೆನ್ನಾಗಿ ಗೊತ್ತು. ಆದರೆ ಮೊನ್ನೆ ಗಾವಡಗೆರೆಗೆ ಹೋದಾಗ ಅಕ್ಕನ ಹೆಸರಿಗೆ ಟಪಾಲಿನಲ್ಲಿ ಒಂದು ಕಾರ್ಡು ಬಂದಿತ್ತು. ಹೆಣ್ಣು ನೋಡಲು ಹೋದ ಮನೆಯವರನ್ನು, ಸಂಬಂಧ ಕೂಡಲಿ ಬಿಡಲಿ, ಮದುವೆಗೆ ಕರೆಯುವುದು ಒಳ್ಳೆಯ ಜನರ ರೂಢಿ. ಬಸವರಾಜುವಿನ ಮದುವೆ, ಹೊಸ ಅಗ್ರಹಾರದಲ್ಲಿ. ಮೇಲೆ ಅರಿಸಿನ ಹಚ್ಚಿತ್ತು. ಒಳಗೆಲ್ಲ ಕನ್ನಡ. ಕೊನೆಯಲ್ಲಿ ಮಾತ್ರ ಇಂಗ್ಲಿಷಿನಲ್ಲಿ ಒಂದು ಪದ, ಕಾಂಪ್ಲಿಮೆಂಟ್ಸ್. ವಧೂವರರ ಹೆಸರಿಗಿಂತ ದಪ್ಪಗೆ, ಕಪ್ಪಗೆ, ದೊರೆ ಅಕ್ಷರದಲ್ಲಿ.

ರತ್ನ ಆ ಕಾರ್ಡನ್ನು ಪೂರ್ತಿ ಓದಿದಳು. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ಒಂದೂ ಬಿಡದೆ. ಆಮೇಲೆ ಒಳಗೆ ಹೋಗಿ ನನ್ನ ಕನ್ನಡಕ ತಂದು ಕೈಗೆ ಕೊಟ್ಟು, ಕಾರ್ಡನ್ನು ನನ್ನ ಮುಂದಿಟ್ಟು, ಆ ಮೊಂಡು ‘ಸಿ’ಯ ಮೇಲೆ ಬೆರಳಿಟ್ಟಳು.

“ನಿಮ್ಗೆ ಅಕ್ಷರ ನೋಡಿದ್ರೇನೆ ಗೊತ್ತಾಯ್ತದಲ್ಲ ಮಾವ,” ಎಂದಳು. “ನೋಡಿ ಹೇಳಿ, ಈ ಮದ್ವೆ ನಿಜವಾ?”